ಓದುಗರ ಪ್ರಶ್ನೆ: ಮೈಸೂರಿನ ಯುದ್ಧ, ಲಂಡನ್ನಿನ ಎಂಟು ತಿಂಗಳ ಸರ್ಕಾರ

ಪ್ರಶ್ನೆ: ಹದಿನೆಂಟನೆಯ ಶತಮಾನದಲ್ಲಿ ಭಾರತದ ವಿಷಯಕ್ಕೇ ಇಂಗ್ಲೆಂಡಿನ ಒಂದು ಸರ್ಕಾರ ವರ್ಷ ತುಂಬುವ ಮೊದಲೇ ಬಿದ್ದುಹೋಯಿತು ಎಂದು ಓದಿದೆ. ಅದು ಯಾವ ಸರ್ಕಾರ, ಯಾಕೆ ಬಿತ್ತು? ನಮ್ಮ ಹಾವೇರಿ, ರಾಣೇಬೆನ್ನೂರು ಸೀಮೆಗೂ ಅದಕ್ಕೂ ಏನಾದರೂ ಸಂಬಂಧ ಇದೆಯೇ?
– ಬ್ಯಾಡಗಿಯ ಓದುಗರೊಬ್ಬರು

ಉತ್ತರ: ನೀವು ಓದಿದ್ದು ನಿಜ. ಅದು 1783ರ ಏಪ್ರಿಲ್ 2ರಂದು ಅಧಿಕಾರಕ್ಕೆ ಬಂದು ಡಿಸೆಂಬರ್ 19ರಂದು ಮುಗಿದುಹೋದ ಸರ್ಕಾರ. ಹೆಸರಿಗೆ ಪೋರ್ಟ್‌ಲೆಂಡ್ ಡ್ಯೂಕ್ ಪ್ರಧಾನಿ. ಆದರೆ ಅದನ್ನು ನಡೆಸಿದವರು ಚಾರ್ಲ್ಸ್ ಜೇಮ್ಸ್ ಫಾಕ್ಸ್ ಮತ್ತು ಲಾರ್ಡ್ ನಾರ್ತ್. ಹಾಗಾಗಿ ಇತಿಹಾಸದಲ್ಲಿ ಅದಕ್ಕೆ ಫಾಕ್ಸ್–ನಾರ್ತ್ ಮೈತ್ರಿ ಸರ್ಕಾರ ಎಂದೇ ಹೆಸರು. ಆ ಶತಮಾನದಲ್ಲಿ ಇದಕ್ಕಿಂತ ಅಲ್ಪಾಯುಷಿ ಪ್ರಯತ್ನವೂ ಒಂದಿತ್ತು. 1746ರ ಫೆಬ್ರವರಿಯಲ್ಲಿ ಲಾರ್ಡ್ ಬಾತ್ ಎರಡು ದಿನ ಮಂತ್ರಿಗಳನ್ನು ಹುಡುಕಿ, ಸಿಗದೆ ಕೈಚೆಲ್ಲಿದ. ಅದನ್ನು ಸರ್ಕಾರ ಎಂದು ಹೆಚ್ಚಿನವರು ಎಣಿಸುವುದೇ ಇಲ್ಲ. ಫಾಕ್ಸ್–ನಾರ್ತ್ ಸರ್ಕಾರದ ಕಥೆ ಬೇರೆ. ಅದಕ್ಕೆ ಬಹುಮತವಿತ್ತು, ಕಾರ್ಯಕ್ರಮವಿತ್ತು, ಮಾಡಬೇಕೆಂದುಕೊಂಡ ಕೆಲಸವೂ ದೊಡ್ಡದಿತ್ತು. ಅದು ಬಿದ್ದದ್ದು ಆ ಕೆಲಸಕ್ಕೆ ಕೈಹಾಕಿದ ಕಾರಣಕ್ಕೆ. ನಿಮ್ಮ ಸೀಮೆಗೆ ಸಂಬಂಧ ಇದೆಯೇ ಎಂದು ಕೇಳಿದ್ದೀರಿ. ಇದೆ, ಅದೂ ಒಂದಲ್ಲ, ಮೂರು ಕಡೆ.

ಮೊದಲು ಲಂಡನ್ನಿನ ಸಂಗತಿ. ಅಮೆರಿಕದ ಯುದ್ಧದಲ್ಲಿ ಸೋತ ಮೇಲೆ ಹನ್ನೆರಡು ವರ್ಷ ಪ್ರಧಾನಿಯಾಗಿದ್ದ ನಾರ್ತ್ 1782ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟ. ಅಲ್ಲಿಂದ ಮುಂದೆ ಎರಡು ವರ್ಷದೊಳಗೆ ನಾಲ್ಕು ಸರ್ಕಾರಗಳು ಬಂದವು. ಮೊದಲು ಪ್ರಧಾನಿಯಾದ ರಾಕಿಂಗ್‌ಹ್ಯಾಮ್ ಮೂರು ತಿಂಗಳಲ್ಲೇ ತೀರಿಕೊಂಡ. ಅವನ ಬಳಿಕ ಬಂದ ಶೆಲ್ಬರ್ನ್ ಮಾಡಿದ ಶಾಂತಿ ಒಪ್ಪಂದವನ್ನು ಕಾಮನ್ಸ್ ಸಭೆ 1783ರ ಫೆಬ್ರವರಿಯಲ್ಲಿ ಖಂಡಿಸಿತು. ಹಾಗೆ ಅವನನ್ನು ಕೆಳಗಿಳಿಸಲು ಒಂದಾದವರೇ ಫಾಕ್ಸ್ ಮತ್ತು ನಾರ್ತ್. ವರ್ಷಗಟ್ಟಲೆ ಫಾಕ್ಸ್ ಸಭೆಯಲ್ಲಿ ನಾರ್ತ್‌ನನ್ನು ಹಿಗ್ಗಾಮುಗ್ಗಾ ಬಯ್ದಿದ್ದ, ಅವನನ್ನು ವಿಚಾರಣೆಗೆ ಗುರಿಪಡಿಸಬೇಕು ಎಂದಿದ್ದ. ಈಗ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಜನ ದಂಗಾದರು, ದೊರೆ ಮೂರನೆಯ ಜಾರ್ಜ್ ಕೆಂಡವಾದ. ಫಾಕ್ಸ್‌ನ ಮುಖ ನೋಡಲೂ ಅವನಿಗೆ ಮನಸ್ಸಿರಲಿಲ್ಲ. ಈ ಮೈತ್ರಿಯನ್ನು ತಪ್ಪಿಸಲು ಐದು ವಾರ ಬೇರೆಯವರನ್ನು ಹುಡುಕಿದ. ಸಿಂಹಾಸನ ಬಿಡುವ ಪತ್ರವನ್ನೂ ಬರೆದಿಟ್ಟುಕೊಂಡಿದ್ದ. ಬೇರೆ ದಾರಿ ಕಾಣದೆ ಕೊನೆಗೆ ಒಪ್ಪಿದ, ಆದರೆ ಒಳಗೊಳಗೆ ಸಮಯ ಕಾಯುತ್ತಿದ್ದ.

ಆ ಸಮಯವನ್ನು ತಂದುಕೊಟ್ಟದ್ದು ನಮ್ಮ ನಾಡು. 1780ರ ಜುಲೈನಲ್ಲಿ ಹೈದರ್ ಅಲಿ ಘಟ್ಟ ಇಳಿದು ಕರ್ನಾಟಿಕ್ ಬಯಲಿಗೆ, ಎಂದರೆ ಈಗಿನ ತಮಿಳುನಾಡಿನ ಉತ್ತರ ಭಾಗಕ್ಕೆ, ನುಗ್ಗಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿ ಪೂರ್ತಿ ನೆಲಕಚ್ಚಿತು. ಬೇಯ್ಲಿ ಸೆರೆಯಾಳಾಗಿ ಶ್ರೀರಂಗಪಟ್ಟಣ ಸೇರಿದ. ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡ ಸೋಲು ಕಂಡಿರಲಿಲ್ಲ. ಸುದ್ದಿ ಮುಟ್ಟಿದ ಮೇಲೆ, 1781ರ ಏಪ್ರಿಲ್‌ನಲ್ಲಿ, ಕರ್ನಾಟಿಕ್ ಯುದ್ಧ ಯಾಕೆ ಹತ್ತಿಕೊಂಡಿತು ಎಂದು ತನಿಖೆ ಮಾಡಲು ಪಾರ್ಲಿಮೆಂಟು ಒಂದು ರಹಸ್ಯ ಸಮಿತಿಯನ್ನೇ ನೇಮಿಸಿತು. ಹೆನ್ರಿ ಡಂಡಾಸ್ ಅದರ ಅಧ್ಯಕ್ಷ. ಇನ್ನೊಂದು ಸಮಿತಿಯಲ್ಲಿ ಎಡ್ಮಂಡ್ ಬರ್ಕ್ ಬಂಗಾಳದ ಆಡಳಿತವನ್ನು ಜಾಲಾಡುತ್ತಿದ್ದ. ಕಂಪನಿ ಸಾಲದಲ್ಲಿ ಮುಳುಗಿದೆ, ಅದರ ನೌಕರರು ಮಾತ್ರ ಸಿರಿವಂತರಾಗಿ ಊರಿಗೆ ಮರಳುತ್ತಿದ್ದಾರೆ, ಬೇಡದ ಯುದ್ಧಗಳನ್ನು ಮೈಮೇಲೆ ಎಳೆದುಕೊಳ್ಳುತ್ತಿದೆ, ಆಳಿಸಿಕೊಳ್ಳುವ ಜನರ ಗೋಳು ಕೇಳುವವರಿಲ್ಲ: ಇವೆಲ್ಲ ಈ ಸಮಿತಿಗಳ ವರದಿಗಳಿಂದ ಪಾರ್ಲಿಮೆಂಟಿನ ಮುಂದೆ ಬಂದವು. ಮೈಸೂರಿನ ಯುದ್ಧ ಇಲ್ಲದಿದ್ದರೆ ಕಂಪನಿಯ ಲೆಕ್ಕಪುಸ್ತಕ ಅಷ್ಟು ಬೇಗ ಪಾರ್ಲಿಮೆಂಟಿನ ಮೇಜಿಗೆ ಬರುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಸೀಮೆಯ ಮೊದಲ ನಂಟು ಇಲ್ಲಿದೆ. ಆಗ ನಿಮ್ಮ ಊರುಗಳು ಯಾರ ಕೈಯಲ್ಲಿದ್ದವು? ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ಈ ಸೀಮೆಗಾಗಿ ಪೇಶ್ವೆಗಳೂ ಹೈದರನೂ ಮತ್ತೆ ಮತ್ತೆ ಹೊಡೆದಾಡಿದ್ದಾರೆ. ಇಂದಿನ ರಟ್ಟೀಹಳ್ಳಿಯಲ್ಲೇ 1764ರಲ್ಲಿ ಪೇಶ್ವೆ ಮಾಧವರಾವ್ ಹೈದರನನ್ನು ಸೋಲಿಸಿದ್ದ. ಮಾಧವರಾವ್ ತೀರಿಕೊಂಡು ಪುಣೆಯಲ್ಲಿ ಒಳಜಗಳ ಶುರುವಾದ ಮೇಲೆ ಹೈದರ್ ಮರಳಿ ಬಂದು, 1778ರ ಹೊತ್ತಿಗೆ ಧಾರವಾಡವನ್ನೂ ಹಿಡಿದು ಕೃಷ್ಣೆಯವರೆಗೆ ಕೈಚಾಚಿದ. ಹೀಗಾಗಿ ಲಂಡನ್ನಿನಲ್ಲಿ ಈ ಚರ್ಚೆ ನಡೆಯುವಾಗ ಹಾವೇರಿ ಸೀಮೆಯ ರೈತ ಕೊಟ್ಟ ಕಂದಾಯವೂ ಅದೇ ಯುದ್ಧದ ಖರ್ಚಿಗೆ ಹೋಗುತ್ತಿತ್ತು.

1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಟಿಪ್ಪು ಮಲಬಾರಿನಿಂದ ಅರಬ್ಬೀ ಕುದುರೆಯ ವೇಗದಲ್ಲಿ ಪೂರ್ವಕ್ಕೆ ಓಡಿದ. ಪಶ್ಚಿಮ ಬರಿದಾದ ಆ ಗಳಿಗೆ ನೋಡಿ ಮುಂಬಯಿ ಸರ್ಕಾರ ಬ್ರಿಗೇಡಿಯರ್ ಜನರಲ್ ಮ್ಯಾಥ್ಯೂಸ್‌ನನ್ನು ಕೆನರಾ ಕರಾವಳಿಗೆ ಕಳಿಸಿತು. ಅವನು ಹೊನ್ನಾವರ, ಕುಂದಾಪುರಗಳನ್ನು ಹಿಡಿದು, ಹೊಸಂಗಡಿ ಘಾಟಿ ಹತ್ತಿ, ಜನವರಿ ಕೊನೆಗೆ ಬಿದನೂರು ಸೇರಿದ. ಈಗ ನಾವು ನಗರ ಎನ್ನುವ, ಕೆಳದಿ ನಾಯಕರ ಆ ಹಳೆಯ ರಾಜಧಾನಿಯನ್ನು ಅಲ್ಲಿನ ಅಧಿಕಾರಿ ಅಯಾಜ್ ಖಾನ್ ಯುದ್ಧವಿಲ್ಲದೆ ಒಪ್ಪಿಸಿಬಿಟ್ಟ. ಅಯಾಜ್ ಹೈದರನ ಅಚ್ಚುಮೆಚ್ಚಿನವನು. ಟಿಪ್ಪುವಿಗೆ ಅವನನ್ನು ಕಂಡರಾಗದು. ಹೊಸ ಸುಲ್ತಾನ ತನ್ನನ್ನು ಉಳಿಸುವುದಿಲ್ಲ ಎಂಬ ಭಯವೇ ಬಿದನೂರನ್ನು ಇಂಗ್ಲಿಷರಿಗೆ ಕೊಡಿಸಿತು. ಸಿಕ್ಕ ನಿಧಿಯ ಪಾಲಿಗಾಗಿ ಇಂಗ್ಲಿಷ್ ಅಧಿಕಾರಿಗಳು ತಮ್ಮತಮ್ಮಲ್ಲೇ ಕಿತ್ತಾಡಿದರು. ಕೆಲವರು ಮ್ಯಾಥ್ಯೂಸ್ ಮೇಲೆ ದೂರು ಹೇಳಲು ಮುಂಬಯಿಗೇ ಹೋದರು. ಏಪ್ರಿಲ್‌ನಲ್ಲಿ ಟಿಪ್ಪು ದಂಡೆತ್ತಿ ಬಂದ, ತಿಂಗಳ ಕೊನೆಗೆ ಮ್ಯಾಥ್ಯೂಸ್ ಶರಣಾದ, ಮತ್ತೆ ಶ್ರೀರಂಗಪಟ್ಟಣದ ಸೆರೆಯಿಂದ ಜೀವಂತ ಹೊರಬರಲಿಲ್ಲ. ಮಲೆನಾಡಿನ ಮೇಲೆ ಇಂಗ್ಲಿಷರ ಮೊದಲ ಆಳ್ವಿಕೆ ಹೀಗೆ ಮೂರು ತಿಂಗಳಿಗೆ ಮುಗಿಯಿತು. ಏಪ್ರಿಲ್ 2ರಂದು ಲಂಡನ್ನಿನಲ್ಲಿ ಫಾಕ್ಸ್ ಮಂತ್ರಿಯಾದಾಗ ಬಿದನೂರಿನಲ್ಲಿ ಇನ್ನೂ ಇಂಗ್ಲಿಷರಿದ್ದರು. ತಿಂಗಳು ತುಂಬುವಷ್ಟರಲ್ಲಿ ಅವರು ಹೋಗಿದ್ದರು. ಹಡಗು ಆಫ್ರಿಕ ಸುತ್ತಿ ಬರಬೇಕಾದ ಕಾಲ ಅದು. ಯಾವ ನೆಲದ ಮೇಲೆ ತಾವು ಕಾನೂನು ಮಾಡುತ್ತಿದ್ದಾರೋ ಅಲ್ಲಿ ಆ ಹೊತ್ತಿಗೆ ಯಾರ ಬಾವುಟ ಹಾರುತ್ತಿದೆ ಎಂಬುದೂ ಆ ಮಂತ್ರಿಗಳಿಗೆ ತಿಳಿಯುವಂತಿರಲಿಲ್ಲ.

ನವೆಂಬರ್ 18ರಂದು ಫಾಕ್ಸ್ ತನ್ನ ಇಂಡಿಯಾ ಮಸೂದೆ ಮಂಡಿಸಿದ. ಅದರ ಬಹುಪಾಲು ಬರ್ಕ್‌ನ ಕೈಕೆಲಸ. ಕಂಪನಿಯ ನಿರ್ದೇಶಕರ ಕೈಯಿಂದ ಭಾರತದ ಆಡಳಿತ ಕಿತ್ತು, ಲಂಡನ್ನಿನಲ್ಲಿ ಕೂರುವ ಏಳು ಮಂದಿ ಕಮಿಷನರುಗಳಿಗೆ ಕೊಡಬೇಕು. ವ್ಯಾಪಾರ ನೋಡಿಕೊಳ್ಳಲು ಅವರ ಕೆಳಗೆ ಒಂಬತ್ತು ಮಂದಿ. ಕಮಿಷನರುಗಳ ಹೆಸರು ಮಸೂದೆಯಲ್ಲೇ ಇರುತ್ತದೆ, ನಾಲ್ಕು ವರ್ಷ ದೊರೆಯೂ ಅವರನ್ನು ತನ್ನಿಚ್ಛೆಯಂತೆ ತೆಗೆಯುವಂತಿಲ್ಲ. ಉದ್ದೇಶ ಒಳ್ಳೆಯದೇ. ಡಿಸೆಂಬರ್ 1ರಂದು ಬರ್ಕ್ ಮಾಡಿದ ಭಾಷಣದಲ್ಲಿ, ಭಾರತದ ಜನರನ್ನು ಆಳುವ ಅಧಿಕಾರ ಒಂದು ನಂಬಿಕೆಯ ಹೊಣೆ, ಆ ಹೊಣೆ ಮುರಿದ ಕಂಪನಿಯ ಸನ್ನದು ಉಳಿಯಬಾರದು ಎಂಬ ವಾದವಿತ್ತು. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ಮಸೂದೆಯಲ್ಲಿ ಹೆಸರಿದ್ದ ಏಳೂ ಮಂದಿ ಮೈತ್ರಿ ಪಕ್ಷದವರು, ಅವರಲ್ಲಿ ಒಬ್ಬ ನಾರ್ತ್‌ನ ಸ್ವಂತ ಮಗ. ಭಾರತದ ನೌಕರಿ ಹಂಚುವ ಅಧಿಕಾರ ಒಂದೇ ಪಕ್ಷದ ಕೈಗೆ ಹೋದರೆ, ಚುನಾವಣೆಯಲ್ಲಿ ಸೋತರೂ ಆ ಪಕ್ಷ ಸೋಲುವುದಿಲ್ಲ ಎಂದು ವಿರೋಧಿಗಳು ಕೂಗಿದರು. ಈ ಕೂಗಿನಲ್ಲಿ ಹುರುಳಿತ್ತು ಎಂದೇ ನನಗೆ ಅನ್ನಿಸುತ್ತದೆ. ಜೇಮ್ಸ್ ಸೇಯರ್ಸ್ ಎಂಬ ವ್ಯಂಗ್ಯಚಿತ್ರಕಾರ ಫಾಕ್ಸ್‌ಗೆ ಮೊಗಲ್ ದಿರಿಸು ತೊಡಿಸಿ, ‘ಕಾರ್ಲೋ ಖಾನ್’ ಎಂದು ಹೆಸರಿಟ್ಟು, ಆನೆಯ ಮೇಲೆ ಕಂಪನಿಯ ಕಚೇರಿಗೆ ಮೆರವಣಿಗೆ ಬರುವಂತೆ ಬರೆದ. ಆನೆಗೆ ನಾರ್ತ್‌ನ ಮುಖ. ಆ ಒಂದು ಚಿತ್ರ ಫಾಕ್ಸ್‌ಗೆ ಪಾರ್ಲಿಮೆಂಟಿನ ಯಾವ ಭಾಷಣಕ್ಕಿಂತಲೂ ಹೆಚ್ಚು ಹಾನಿ ಮಾಡಿತು.

ಡಿಸೆಂಬರ್ 8ರಂದು ಕಾಮನ್ಸ್ ಸಭೆ 208–102 ಮತಗಳಿಂದ ಮಸೂದೆಯನ್ನು ಅಂಗೀಕರಿಸಿತು. ಒಂದಕ್ಕೆ ಎರಡು. ಮಸೂದೆ ಲಾರ್ಡ್ಸ್ ಸಭೆಗೆ ಹೋದಾಗ ದೊರೆ ಕೈ ಆಡಿಸಿದ. ಅರ್ಲ್ ಟೆಂಪಲ್ ಎಂಬವನ ಕೈಗೆ ಒಂದು ಚೀಟಿ ಕೊಟ್ಟ. ಈ ಮಸೂದೆಗೆ ಮತ ಹಾಕುವವರನ್ನು ದೊರೆ ಸ್ನೇಹಿತರೆಂದು ತಿಳಿಯುವುದಿಲ್ಲ, ವೈರಿಗಳೆಂದೇ ತಿಳಿಯುತ್ತಾನೆ ಎಂಬುದು ಅದರ ಸಾರ. ಟೆಂಪಲ್ ಆ ಮಾತನ್ನು ಪ್ರಭುಗಳ ಕಿವಿಗೆ ಹಾಕಿದ. ಡಿಸೆಂಬರ್ 17ರಂದು 95–76 ಮತಗಳಿಂದ ಮಸೂದೆ ಬಿತ್ತು. ಮರುದಿನ ನಡುರಾತ್ರಿ ಫಾಕ್ಸ್‌ಗೂ ನಾರ್ತ್‌ಗೂ ದೊರೆಯಿಂದ ಆಜ್ಞೆ ಬಂತು. ಅಧಿಕಾರದ ಮುದ್ರೆಗಳನ್ನು ಕಳಿಸಿಕೊಡಿ, ನೀವೇ ಬರುವುದು ಬೇಡ, ಸಹಾಯಕರ ಕೈಯಲ್ಲಿ ಕೊಟ್ಟರೆ ಸಾಕು. ಕಾಮನ್ಸ್‌ನಲ್ಲಿ ಬಹುಮತ ಹಾಗೇ ಇದ್ದ ಸರ್ಕಾರ ಹೀಗೆ ಮನೆಗೆ ಹೋಯಿತು.

ದೊರೆ ಪ್ರಧಾನಿ ಮಾಡಿದ್ದು ಇಪ್ಪತ್ನಾಲ್ಕು ವಯಸ್ಸಿನ ವಿಲಿಯಂ ಪಿಟ್‌ನನ್ನು. ಕ್ರಿಸ್‌ಮಸ್ ದಾಟಲಾರದ ಸರ್ಕಾರ ಎಂದು ಜನ ಆಡಿಕೊಂಡರು. ಪಿಟ್ ಜನವರಿಯಿಂದ ಮಾರ್ಚ್‌ವರೆಗೆ ಸಭೆಯಲ್ಲಿ ಮತದ ಮೇಲೆ ಮತ ಸೋತ, ಆದರೂ ರಾಜೀನಾಮೆ ಕೊಡಲಿಲ್ಲ. ಫಾಕ್ಸ್‌ನ ಬಹುಮತ ಕರಗುತ್ತಾ ಬಂದು ಮಾರ್ಚ್ 8ಕ್ಕೆ ಒಂದೇ ಮತಕ್ಕೆ ಇಳಿಯಿತು. ಆಗ ಪಾರ್ಲಿಮೆಂಟು ವಿಸರ್ಜನೆಯಾಗಿ ಚುನಾವಣೆ ನಡೆಯಿತು. ಫಾಕ್ಸ್‌ನ ಬೆಂಬಲಿಗರು ಬಹಳ ಮಂದಿ ಸೋತರು. ಪಿಟ್ 1801ರವರೆಗೆ ಅಲುಗಾಡದೆ ಕೂತ. ಅವನ 1784ರ ಇಂಡಿಯಾ ಕಾಯ್ದೆ ಫಾಕ್ಸ್‌ನ ಮಸೂದೆಯ ಅರ್ಧವನ್ನು ಬೇರೆ ಹೆಸರಿನಲ್ಲಿ ತಂದಿತು. ಕಂಪನಿ ಉಳಿಯಿತು, ಅದರ ತಲೆಯ ಮೇಲೆ ಸರ್ಕಾರದ ನಿಯಂತ್ರಣ ಮಂಡಳಿ ಬಂತು. 1858ರವರೆಗೆ ಭಾರತ ನಡೆದದ್ದು ಈ ಏರ್ಪಾಟಿನಲ್ಲೇ. ಆ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು: ಭಾರತದಲ್ಲಿ ರಾಜ್ಯ ಗೆಲ್ಲುವುದು, ಸೀಮೆ ವಿಸ್ತರಿಸುವುದು ಬ್ರಿಟಿಷ್ ರಾಷ್ಟ್ರದ ಇಚ್ಛೆಗೆ, ಗೌರವಕ್ಕೆ ವಿರುದ್ಧ ಎಂಬುದು. ಅದನ್ನು ಬರೆದು ಹದಿನೈದು ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು, ಹದಿನಾರು ವರ್ಷಕ್ಕೆ ಇಂಗ್ಲಿಷ್ ಸೈನ್ಯ ರಾಣೇಬೆನ್ನೂರಿನ ಕೋಟೆಯ ಮುಂದೆ ನಿಂತಿತ್ತು.

ಇದೇ ನಿಮ್ಮ ಸೀಮೆಯ ಎರಡನೆಯ ನಂಟು. ಟಿಪ್ಪು ಸತ್ತ ದಿನ ಶ್ರೀರಂಗಪಟ್ಟಣದ ಸೆರೆಮನೆಯಿಂದ ತಪ್ಪಿಸಿಕೊಂಡವರಲ್ಲಿ ಚನ್ನಗಿರಿಯ ಧೊಂಡಿಯ ವಾಘನೂ ಒಬ್ಬ. ಚದುರಿದ ಸೈನಿಕರನ್ನು ಕೂಡಿಸಿ, ಶಿಕಾರಿಪುರದ ಕಡೆಯಿಂದ ಗಡಿ ದಾಟಿ, ಮರಾಠರ ವಶಕ್ಕೆ ಮರಳಿದ್ದ ಈ ಸೀಮೆಯನ್ನೆಲ್ಲ ಅವನು ಓಡಾಡಿ ಆಳತೊಡಗಿದ. ತನ್ನನ್ನು ಎರಡು ಲೋಕಗಳ ಒಡೆಯ ಎಂದು ಕರೆದುಕೊಂಡ. ಅವನನ್ನು ಅಟ್ಟಿಸಿಕೊಂಡು ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ವಯಸ್ಸು ಮೂವತ್ತೊಂದು. 1800ರ ಜೂನ್ ಕೊನೆಯಲ್ಲಿ ಹರಿಹರದ ಹತ್ತಿರ ನದಿ ದಾಟಿ ರಾಣೇಬೆನ್ನೂರಿಗೆ ಬಂದಾಗ ಕೋಟೆಯೊಳಗಿನವರು ಗುಂಡು ಹಾರಿಸಿದರು. ವೆಲ್ಲೆಸ್ಲಿ ಏಣಿ ಹಾಕಿಸಿ ಕೋಟೆಯನ್ನು ಹಿಡಿದ. ಮಳೆಗೆ ತುಂಬಿದ್ದ ವರದೆಯನ್ನು ದಾಟಿ ಜುಲೈನಲ್ಲಿ ಸವಣೂರು, ಅಲ್ಲಿಂದ ಕುಂದಗೋಳ, ಡಂಬಳ. ಸೆಪ್ಟೆಂಬರ್ 10ರಂದು ಕೋನಗಲ್ ಹತ್ತಿರದ ಕಾಳಗದಲ್ಲಿ ಧೊಂಡಿಯ ಸತ್ತ. ಅವನ ಸಾಮಾನು ಸರಂಜಾಮಿನ ನಡುವೆ ಸಿಕ್ಕ ಸಾಕುಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ತಾನೇ ಖರ್ಚು ಕೊಟ್ಟು ಸಾಕಿಸಿದ ಎಂಬುದನ್ನೂ ಇಲ್ಲಿ ಹೇಳಬೇಕು. ಗೆದ್ದವನ ಕ್ರೌರ್ಯವನ್ನು ಬರೆಯುವಾಗ ಅವನ ಕರುಣೆಯನ್ನು ಬಿಡುವುದು ಸರಿಯಲ್ಲ.

ಈ ವೆಲ್ಲೆಸ್ಲಿಯೇ ಮುಂದೆ ವಾಟರ್ಲೂ ಗೆದ್ದ ವೆಲಿಂಗ್ಟನ್ ಡ್ಯೂಕ್, ಬ್ರಿಟನ್ನಿನ ಪ್ರಧಾನಿ. 1834ರ ನವೆಂಬರ್‌ನಲ್ಲಿ ನಾಲ್ಕನೆಯ ವಿಲಿಯಂ ದೊರೆ, ಕಾಮನ್ಸ್‌ನಲ್ಲಿ ಬಹುಮತವಿದ್ದ ಮೆಲ್ಬರ್ನ್ ಸರ್ಕಾರವನ್ನು ಮನೆಗೆ ಕಳಿಸಿದ. ಹೊಸ ಪ್ರಧಾನಿಯಾಗಬೇಕಿದ್ದ ಪೀಲ್ ಆಗ ಇಟಲಿಯಲ್ಲಿದ್ದ. ಅವನು ಬರುವವರೆಗೆ ಮೂರು ವಾರ ವೆಲಿಂಗ್ಟನ್ ಒಬ್ಬನೇ ಹೆಚ್ಚಿನ ಖಾತೆಗಳನ್ನೆಲ್ಲ ಹೊತ್ತು ಸರ್ಕಾರ ನಡೆಸಿದ. ಪೀಲ್ ಚುನಾವಣೆ ಗೆಲ್ಲಲಿಲ್ಲ, 1835ರ ಏಪ್ರಿಲ್‌ಗೆ ಮೆಲ್ಬರ್ನ್ ಮರಳಿ ಬಂದ. ಅಂದಿನಿಂದ ಇಂದಿನವರೆಗೆ ಬ್ರಿಟನ್ನಿನ ಯಾವ ದೊರೆಯೂ ಸರ್ಕಾರವನ್ನು ಹೀಗೆ ವಜಾ ಮಾಡಿಲ್ಲ. 1783ರಲ್ಲಿ ಮೂರನೆಯ ಜಾರ್ಜ್‌ಗೆ ದಕ್ಕಿದ್ದು ಅವನ ಮಗನಿಗೆ ದಕ್ಕಲಿಲ್ಲ. ಬಹುಮತ ಇದೆಯೋ ಇಲ್ಲವೋ ಎಂದು ಎಣಿಸುವ ಜಾಗ ಅರಮನೆಯಲ್ಲ, ಸಭೆ ಎಂಬುದು ಅಲ್ಲಿ ಯಾವ ಕಾಗದದಲ್ಲೂ ಬರೆಯದೆಯೇ ನಿಂತುಬಿಟ್ಟಿತು.

ಬರೆಯದೆ ನಿಂತ ಆ ಪದ್ಧತಿಯನ್ನು ನಮ್ಮ ದೇಶದಲ್ಲಿ ಬರೆಸಿದ್ದು ನಿಮ್ಮದೇ ಜಿಲ್ಲೆಯ ಮನುಷ್ಯ. ಮೂರನೆಯ ನಂಟು ಇದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಎಸ್.ಆರ್. ಬೊಮ್ಮಾಯಿ ಹುಟ್ಟಿದ್ದು 1924ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್ 13ರಂದು ಅವರು ಮುಖ್ಯಮಂತ್ರಿಯಾದರು. 1989ರ ಏಪ್ರಿಲ್‌ನಲ್ಲಿ ಪಕ್ಷ ಬಿಟ್ಟ ಶಾಸಕರೊಬ್ಬರು ಹತ್ತೊಂಬತ್ತು ಪತ್ರಗಳ ಕಟ್ಟನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗೆ ಕೊಟ್ಟು, ಇವರೆಲ್ಲ ಬೆಂಬಲ ಹಿಂತೆಗೆದಿದ್ದಾರೆ ಎಂದರು. ಬೊಮ್ಮಾಯಿಯವರು, ಅಧಿವೇಶನ ಕರೆಯುತ್ತೇನೆ, ಸಭೆಯಲ್ಲೇ ಬಹುಮತ ತೋರಿಸುತ್ತೇನೆ ಎಂದರು. ಹತ್ತೊಂಬತ್ತರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ತಪ್ಪು ಹೇಳಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಫಾಕ್ಸ್–ನಾರ್ತ್ ಸರ್ಕಾರ ಬದುಕಿದ್ದೂ ಎಂಟು ತಿಂಗಳು ಚಿಲ್ಲರೆ, ಬೊಮ್ಮಾಯಿ ಸರ್ಕಾರ ಬದುಕಿದ್ದೂ ಎಂಟು ತಿಂಗಳು ಚಿಲ್ಲರೆ.

ಎರಡರ ನಡುವೆ ವ್ಯತ್ಯಾಸವೂ ಇದೆ, ಅದನ್ನು ಮುಚ್ಚಿಡಬಾರದು. ಫಾಕ್ಸ್‌ಗೆ ಬಹುಮತವಿದ್ದುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬೊಮ್ಮಾಯಿಯವರಿಗೆ ಇತ್ತೇ ಎಂಬುದೇ ಪ್ರಶ್ನೆಯಾಗಿತ್ತು, ಆ ಪ್ರಶ್ನೆಗೆ ಉತ್ತರ ಹೇಳುವ ಅವಕಾಶವನ್ನು ಸಭೆಗೆ ಕೊಡಲೇ ಇಲ್ಲ. ಒಂದು ಹೋಲಿಕೆಯಂತೂ ಯೋಚಿಸಬೇಕಾದದ್ದು. 1784ರಲ್ಲಿ ಮತದಾರರು ಫಾಕ್ಸ್‌ನ ಕೈಹಿಡಿಯಲಿಲ್ಲ. 1989ರ ನವೆಂಬರ್‌ನಲ್ಲಿ ಕರ್ನಾಟಕದ ಮತದಾರರೂ ಜನತಾದಳಕ್ಕೆ 224ರಲ್ಲಿ 24 ಸ್ಥಾನ ಕೊಟ್ಟು, ಕಾಂಗ್ರೆಸ್‌ಗೆ 178 ಕೊಟ್ಟರು. ಹಾಗಾದರೆ ವಜಾ ಮಾಡಿದ್ದು ಸರಿಯೇ ಆಯಿತಲ್ಲ ಎಂದು ಅಂದೂ ಹೇಳಿದವರಿದ್ದರು, ಇಂದೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮತದಾರರು ಸರ್ಕಾರವನ್ನು ಸೋಲಿಸುವುದು ಅವರ ಹಕ್ಕು. ಮತದಾರರು ಹೇಗೂ ಸೋಲಿಸುತ್ತಾರೆ ಎಂದು ಊಹಿಸಿ ಮೊದಲೇ ಕಿತ್ತುಹಾಕುವುದು ಬೇರೊಬ್ಬರ ಹಕ್ಕಲ್ಲ.

ಹೈಕೋರ್ಟಿನಲ್ಲಿ ಸೋತ ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತವನ್ನು ಪರೀಕ್ಷಿಸಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಸ್ವಂತ ಅಂದಾಜಿನಲ್ಲಿ ಅಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಕರ್ನಾಟಕದ ಘೋಷಣೆ ಸಂವಿಧಾನಕ್ಕೆ ವಿರುದ್ಧವಾಗಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗುವ ಕಾಲ ಎಂದೋ ಮುಗಿದಿತ್ತು. ಆದರೆ ಅವರ ಹೆಸರಿನ ಆ ಮೊಕದ್ದಮೆಯನ್ನು ಉಲ್ಲೇಖಿಸದೆ ಇಂದು ದೇಶದ ಯಾವ ರಾಜ್ಯದ ವಿಶ್ವಾಸಮತದ ವ್ಯಾಜ್ಯವೂ ನ್ಯಾಯಾಲಯದಲ್ಲಿ ಮುಂದೆ ಹೋಗುವುದಿಲ್ಲ. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನದ ಗಡುವನ್ನು ಸುಪ್ರೀಂ ಕೋರ್ಟ್ ಎರಡೇ ದಿನಕ್ಕೆ ಇಳಿಸಿ, ಸದನದಲ್ಲಿ ಎಣಿಸಿ ಎಂದದ್ದು ಅದೇ ತೀರ್ಪಿನ ಬಲದಿಂದ. ಅವರು ಮತಕ್ಕೆ ಹಾಕದೆ ಮೂರನೆಯ ದಿನ ರಾಜೀನಾಮೆ ಕೊಟ್ಟರು.

ಬೊಮ್ಮಾಯಿ ತೀರ್ಪು ಎಲ್ಲಿ ಎಣಿಸಬೇಕು ಎಂಬುದನ್ನು ಇತ್ಯರ್ಥ ಮಾಡಿತು. ಎಣಿಕೆಗೆ ಬರಬೇಕಾದವರನ್ನು ಎಣಿಕೆಯ ಹೊತ್ತಿಗೆ ಸದನದಿಂದ ದೂರ ಇಡುವುದನ್ನು ತಡೆಯುವ ದಾರಿ ಅದರಲ್ಲಿ ಇಲ್ಲ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ ಸದನದಲ್ಲೇ 99–105ರಿಂದ ಬಿತ್ತು, ನಿಯಮದಂತೆಯೇ. ಆ ದಿನ ಸದನಕ್ಕೆ ಬಾರದೆ, ಆಮೇಲೆ ಅನರ್ಹಗೊಂಡ ಶಾಸಕರಲ್ಲಿ ರಾಣೇಬೆನ್ನೂರು ಮತ್ತು ಹಿರೇಕೆರೂರು ಕ್ಷೇತ್ರಗಳವರೂ ಇದ್ದರು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ನಿಮ್ಮ ನೆರೆಹೊರೆಯ ಜನ ಮತ್ತೊಮ್ಮೆ ಮತಗಟ್ಟೆಗೆ ಹೋಗಬೇಕಾಯಿತು.